ಬೋಗುಣಿ, ಟವಲ್ ಮತ್ತು ಕ್ಯಾಮೆರಾ

ಮಾನ್ಯ ಸಂಪಾದಕರೇ,

ಯೇಸು ಶಿಷ್ಯರ ಪಾದ ತೊಳೆದದ್ದನ್ನು ಚರ್ಚುಗಳಲ್ಲಿ ನೆನೆಯುವ ಪವಿತ್ರ ಗುರುವಾರ, ಅಂದರೆ ಈಸ್ಟರ್‌ಗೆ ಮುಂಚಿನ ಗುರುವಾರ, ಕಳೆದ ಮಾರನೆಯ ದಿನ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಧರ್ಮಾಧ್ಯಕ್ಷರೋ ಧರ್ಮಗುರುಗಳೋ ಮಂಡಿಯೂರಿ ಯಾರದೋ ಪಾದಕ್ಕೆ ನೀರು ಹಾಕುತ್ತಿರುತ್ತಾರೆ. ಅದರ ಕೆಳಗೆ, 'ಪಾದ ತೊಳೆದು ದೀನತೆ ಪ್ರದರ್ಶಿಸಿದರು' ಎಂಬ ಅರ್ಥದ ಒಂದು ಸಾಲು. ಬರೆದ ವರದಿಗಾರರನ್ನು ದೂರುವ ಉದ್ದೇಶ ನಮಗಿಲ್ಲ. ಚರ್ಚ್‌ನಲ್ಲಿ ಅವರು ಕಂಡದ್ದು ಪ್ರದರ್ಶನವೇ ಆಗಿದ್ದರೆ ಅವರಾದರೂ ಬೇರೇನು ಬರೆದಾರು? ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಓದುವುದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಪ್ರಾರ್ಥನೆಗೆ ಕೋಣೆಯ ಬಾಗಿಲು ಹಾಕಿಕೋ, ಉಪವಾಸ ಇರುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ, ಜನರಿಗೆ ಗೊತ್ತಾಗದಿರಲಿ ಎನ್ನುತ್ತದೆ ಅದು. ಹಾಗೆ ಆರಂಭಿಸಿದ ನಾವು ಕೊನೆಯ ವಾರ ಮುಟ್ಟುವ ಹೊತ್ತಿಗೆ ಬೋಗುಣಿಯ ಎದುರು ನಾಲ್ಕು ಕ್ಯಾಮೆರಾ ನಿಲ್ಲಿಸಿರುತ್ತೇವೆ.

ಪವಿತ್ರ ವಾರದ ಸಿದ್ಧತೆಯ ಕೆಲಸ ಮಾಡುವವರಾಗಿ ಈ ವಿಧಿಯ ಬಗ್ಗೆ ಕೆಲವು ಮಾತು ಬರೆಯುತ್ತಿದ್ದೇವೆ. ದೀನತೆ, ಗರ್ವದ ಬಗ್ಗೆ ಪ್ರಬೋಧನೆಗಳಿಗೇನೂ ಬರವಿಲ್ಲ. ನೀರು ಎಷ್ಟಿರಬೇಕು, ಕುರ್ಚಿ ಎಲ್ಲಿಡಬೇಕು, ಯಾರನ್ನು ಕೂರಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಗರ್ವ ನುಸುಳುವುದು ಆ ಸಂದಿಯಲ್ಲೇ.

ಮೊದಲು ಮೂಲಕ್ಕೆ ಬರೋಣ. ಯೋಹಾನ 13ರಲ್ಲಿ ಯೇಸು ಊಟದ ನಡುವೆ ಎದ್ದು, ಮೇಲುಡುಪು ತೆಗೆದಿಟ್ಟು, ನಡುವಿಗೆ ಟವಲ್ ಕಟ್ಟಿ, ಬೋಗುಣಿಗೆ ತಾನೇ ನೀರು ತುಂಬುತ್ತಾನೆ. ಕಡೆಯ ಭೋಜನದ ಅದೇ ರಾತ್ರಿ ಶಿಷ್ಯರ ನಡುವೆ 'ನಮ್ಮಲ್ಲಿ ಯಾರು ದೊಡ್ಡವರು' ಎಂಬ ವಾದ ಎದ್ದಿತ್ತೆಂದು ಲೂಕ (22:24) ಬರೆಯುತ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಆ ಬೋಗುಣಿಯ ತೂಕ ತಿಳಿಯುತ್ತದೆ. ಚಪ್ಪಲಿ ಮೆಟ್ಟಿ ಮಣ್ಣುದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಅಂದು ಆಳಿನ ಕೆಲಸ. ದಾವೀದನ ಸೇವಕರ ಕಾಲು ತೊಳೆಯುವ ದಾಸಿಯಾಗಲು ತಾನು ಸಿದ್ಧ ಎಂದು ಅಬೀಗೈಲ್ ಹೇಳುವಾಗ (1 ಸಮುವೇಲ 25:41) ತನ್ನನ್ನು ಆ ಮನೆಯ ಕಟ್ಟಕಡೆಯ ಮೆಟ್ಟಿಲಿಗೆ ಇಳಿಸಿಕೊಳ್ಳುತ್ತಿದ್ದಾಳೆ. ಗ್ರೀಕ್ ಮೂಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಡುಪನ್ನು 'ತೆಗೆದಿಟ್ಟನು', ಮತ್ತೆ 'ತೆಗೆದುಕೊಂಡನು' ಎನ್ನುವಲ್ಲಿ ಬರುವ ಎರಡು ಕ್ರಿಯಾಪದಗಳು, 10ನೇ ಅಧ್ಯಾಯದಲ್ಲಿ ಒಳ್ಳೆಯ ಕುರುಬನು ಪ್ರಾಣ ಕೊಡುವ ಮತ್ತು ಅದನ್ನು ಮತ್ತೆ ಪಡೆಯುವ ಮಾತಿನಲ್ಲಿ ಬಂದವೇ. ಇನ್ನು ಯೂದ. ಅವನು ಎದ್ದು ಹೊರಗೆ ಹೋಗುವುದು 30ನೇ ವಚನದಲ್ಲಿ. ಅಂದರೆ ಯೇಸುವನ್ನು ಹಿಡಿದುಕೊಡಲು ಹೊರಟಿದ್ದ ಶಿಷ್ಯನ ಕಾಲಿಗೂ ಆ ನೀರು ಬಿದ್ದಿತ್ತು.

ಕನ್ನಡನಾಡಿನಲ್ಲಿ ಈ ವಿಧಿಗೆ ಒಂದು ವಿಶೇಷ ತೊಡಕಿದೆ. ಕಾಲಿಗೆ ನೀರು ಕೊಡುವುದು ನಮಗೆ ಹೊಸದಲ್ಲ. ಹಳ್ಳಿಮನೆಗೆ ನೆಂಟರು ಬಂದರೆ ಜಗುಲಿಯಲ್ಲೇ ಒಂದು ಚೊಂಬು ನೀರು, ಮದುವೆಯಲ್ಲಿ ವರನ ಪಾದ ತೊಳೆಯುವ ಶಾಸ್ತ್ರ, ಮಠದ ಸ್ವಾಮಿಗಳಿಗೆ ಪಾದಪೂಜೆ. ಇವೆಲ್ಲ ಗೌರವದ ಕ್ರಿಯೆಗಳು. ಇವುಗಳಲ್ಲಿ ಗೌರವ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಗುರುವಾರದ ಬೋಗುಣಿಯಲ್ಲಿ ಮೇಲಿನಿಂದ ಕೆಳಕ್ಕೆ ಬರಬೇಕು. ಆದರೆ ಚರ್ಚ್ ಮೆಟ್ಟಿಲು ಹತ್ತಿದ ಮಾತ್ರಕ್ಕೆ ನಮ್ಮ ಹಳೆಯ ಅಭ್ಯಾಸ ಬಿಟ್ಟುಹೋಗುವುದಿಲ್ಲವಲ್ಲ. ಹಾಗಾಗಿ ಪೀಠದ ಮುಂದಿನ ಹನ್ನೆರಡು ಕುರ್ಚಿಗಳು ಎಷ್ಟೋ ಕಡೆ ಹನ್ನೆರಡು ಸನ್ಮಾನಗಳಾಗಿವೆ. ಪಾಲನಾ ಮಂಡಳಿಯ ಸದಸ್ಯರು, ಗೋಪುರದ ದುರಸ್ತಿಗೆ ದೊಡ್ಡ ಮೊತ್ತ ಕೊಟ್ಟವರು, ಹಿಂದಿನ ಕಾರ್ಯದರ್ಶಿ. 'ಹೋದ ವರ್ಷ ಅವರ ಮನೆಯಿಂದ ಇಬ್ಬರಿದ್ದರು, ನಮ್ಮನ್ನು ಕೇಳಲೇ ಇಲ್ಲ' ಎಂಬ ಮುನಿಸು. ಯಾರು ದೊಡ್ಡವರು ಎಂಬ ಜಗಳವನ್ನು ನಿಲ್ಲಿಸಿದ ಬೋಗುಣಿಯ ಸುತ್ತಲೇ ಈಗ ಆ ಜಗಳ.

ಈ ಮುನಿಸಿಗೆ ವಿಧಿಯಲ್ಲಿ ಆಧಾರವೇ ಇಲ್ಲ. ಕಥೋಲಿಕ ಸಭೆಯಲ್ಲಿ ಪಾದ ತೊಳೆಯುವುದನ್ನು ಗುರುವಾರ ಸಂಜೆಯ ಬಲಿಪೂಜೆಯೊಳಗೆ ತಂದದ್ದು 1955ರ ಸುಧಾರಣೆ, ಅದೂ ಕಡ್ಡಾಯವಾಗಿ ಅಲ್ಲ. ಮಾಡುವಂತಿದ್ದರೆ ಸರಿಯಾಗಿ ಮಾಡಬೇಕು, ಆಗದಿದ್ದರೆ ಬಿಡಬಹುದು. 'ಆಯ್ದ ಪುರುಷರು' ಎಂದಿದ್ದ ಸೂಚನೆಯನ್ನು 2016ರ ಜನವರಿ 6ರ ವ್ಯಾಟಿಕನ್ ಆದೇಶ ಬದಲಿಸಿತು. ದೇವಜನರಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದು, ಆ ಸಣ್ಣ ಗುಂಪಿನಲ್ಲಿ ಗಂಡಸರು, ಹೆಂಗಸರು, ಎಳೆಯರು, ಮುದುಕರು, ಆರೋಗ್ಯವಂತರು, ರೋಗಿಗಳು ಎಲ್ಲರೂ ಇರಬಹುದು ಎಂದಿತು. ಹನ್ನೆರಡೇ ಇರಬೇಕೆಂಬ ಹಟವನ್ನೂ ಅದು ಹಿಡಿದಿಲ್ಲ. ಆರಿಸಿದವರಿಗೆ ಮುಂಚಿತವಾಗಿ ಅರ್ಥ ತಿಳಿಸಿಕೊಡಬೇಕು ಎಂದು ಸಹ ಹೇಳಿದೆ. ಇದನ್ನೇ ನಾವು ಪೂರಾ ಮರೆತಿರುವುದು.

ಆದ್ದರಿಂದ ಆಯ್ಕೆಯಿಂದಲೇ ಶುರು ಮಾಡಬೇಕು. ಪಟ್ಟಿಯನ್ನು ಮಂಡಳಿಯ ಸಭೆಯಲ್ಲಿ ಮಾಡಬೇಡಿ, ಮಾಡಿದರೆ ಮಂಡಳಿಯೇ ಬಂದು ಕೂರುತ್ತದೆ. ಎರಡು ವಾರ ಮುಂಚೆ, ಧರ್ಮಕೇಂದ್ರದಲ್ಲಿ ಈ ವರ್ಷ ಯಾರ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಯೋಚಿಸಿ. ಅಂಗಳ ಗುಡಿಸುವವರು, ಸಮಾಧಿ ತೋಡುವವರು, ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಮಗಳು, ಹೊಸದಾಗಿ ಊರಿಗೆ ಬಂದ ಕೂಲಿ ಕುಟುಂಬ, ಯಾರೂ ಮಾತನಾಡಿಸದ ಒಬ್ಬ ಹುಡುಗ. ಮನೆಗೆ ಹೋಗಿ ಕೇಳಿ. ಒಲ್ಲೆ ಎಂದರೆ ಒತ್ತಾಯ ಬೇಡ. ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಚ್ಚುವುದೂ ಬೇಡ, ಮೈಕಿನಲ್ಲಿ ಓದುವುದೂ ಬೇಡ. ಶಾಲು ಹಾರಗಳಂತೂ ಬೇಡವೇ ಬೇಡ.

ಇನ್ನು ಸಾಮಗ್ರಿ. ಚಿಕ್ಕದೆಂದು ತಳ್ಳಿಹಾಕುವ ವಿಷಯವಲ್ಲ ಇದು, ಕೆಟ್ಟ ಸಿದ್ಧತೆಯೇ ಈ ವಿಧಿಯನ್ನು ನಾಟಕ ಮಾಡುವುದು. ಒಂದು ಪಾದಕ್ಕೆ ಸುಮಾರು ಕಾಲು ಲೀಟರ್ ನೀರು ಸಾಕು. ಹನ್ನೆರಡು ಜನರ ಎರಡೂ ಪಾದಕ್ಕೆ ಆರು ಲೀಟರ್. ಚೆಲ್ಲುವುದು, ತಣ್ಣಗಾಗುವುದು ಎಲ್ಲ ಸೇರಿ ಹತ್ತು ಲೀಟರಿನ ಒಂದು ಮುಚ್ಚಿದ ಬಕೆಟ್ ಇಟ್ಟುಕೊಂಡರೆ ನಿಶ್ಚಿಂತೆ. ನೀರು ಉಗುರುಬೆಚ್ಚಗಿರಬೇಕು, ಮೊಣಕೈ ಅದ್ದಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡ ಹಿರಿಯರಿಗೆ ಬಿಸಿ ತಗಲಿದ್ದು ಗೊತ್ತೇ ಆಗುವುದಿಲ್ಲ, 'ಬಿಸಿ ಇದೆಯಾ' ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಬೋಗುಣಿ ಅಗಲವಾಗಿ, ಎರಡೂ ಪಾದ ಹಿಡಿಯುವಷ್ಟಿರಲಿ, ತೀರ ಆಳ ಬೇಡ. ನಾಲ್ಕು ಜನರಾದ ಮೇಲೆ ಚೆಲ್ಲಿ ಬರಲು ಇನ್ನೊಂದು ಖಾಲಿ ಬಕೆಟ್ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಐದನೆಯವರ ಪಾದವನ್ನು ಮೊದಲ ನಾಲ್ವರ ಕೊಳೆಯ ಮೇಲೆ ಹಿಡಿಯಬೇಕಾಗುತ್ತದೆ. ಅದು ಅವರಿಗೆ ಅವಮಾನ.

ಟವಲ್ ಒಬ್ಬರಿಗೊಂದು, ಮೇಲೆ ಮೂರು ಹೆಚ್ಚಿಗೆ. ಪ್ರತಿವರ್ಷ ಆಗುವ ಎಡವಟ್ಟು ಇಲ್ಲೇ. ಹಿಂದಿನ ದಿನ ಅಂಗಡಿಯಿಂದ ಬಿಳಿ ಟವಲ್ ತಂದು ಮಡಿಕೆ ಸಮೇತ ತಟ್ಟೆಯಲ್ಲಿಡುತ್ತಾರೆ. ಗಂಜಿ ಬಿಡದ ಹೊಸ ಟವಲ್ ನೀರು ಹೀರುವುದಿಲ್ಲ, ಒರೆಸಿದಷ್ಟೂ ನೀರನ್ನು ಪಾದದ ತುಂಬ ಸವರುತ್ತದೆ. ಫೋಟೊಗೆ ಚೆನ್ನಾಗಿರುತ್ತದೆ, ಕೂತವರು ಒದ್ದೆ ಕಾಲಲ್ಲಿ ಚಪ್ಪಲಿ ಮೆಟ್ಟಿ ಹೋಗುತ್ತಾರೆ. ಎರಡು ಸಲ ಒಗೆದು ಒಣಗಿಸಿದ ಹಳೆಯ ಹತ್ತಿ ಟವಲ್ಲೇ ಸರಿ. ಒರೆಸುವಾಗ ಉಜ್ಜಬಾರದು, ಒತ್ತಿ ತೆಗೆಯಬೇಕು. ಬೆರಳ ಸಂದಿಯಲ್ಲಿ ತೇವ ಉಳಿಯಬಾರದು. ಗಾಯ ಇರುವವರು ಪಟ್ಟಿಯಲ್ಲಿದ್ದರೆ ಅವರನ್ನು ಬಿಡಬೇಕಾಗಿಲ್ಲ, ಮುಂಚೆಯೇ ಕೇಳಿಕೊಂಡು ಇನ್ನೊಂದು ಪಾದ ತೊಳೆದರಾಯಿತು. ಗುಲಾಬಿ ಎಸಳು, ಸುಗಂಧದ್ರವ್ಯ ಹಾಕುವ ಚಾಳಿ ಬಂದಿದೆ. ಎಸಳು ನೆಲಕ್ಕೆ ಬಿದ್ದರೆ ಗ್ರಾನೈಟ್ ಮೇಲೆ ಜಾರುತ್ತದೆ, ಯಾರ ಪಾದವೂ ಅದರಿಂದ ಹೆಚ್ಚು ಶುಚಿಯಾಗುವುದಿಲ್ಲ.

ಕುರ್ಚಿಗಳನ್ನು ಪೀಠದ ವೇದಿಕೆ ಮೇಲೆ ಹಾಕಿದರೆ ಮಂಡಿನೋವಿನವರು ಮೆಟ್ಟಿಲು ಹತ್ತಬೇಕು. ಜನರ ನಡುವಿನ ದಾರಿಯಲ್ಲೇ ಹಾಕಿ, ಅಡಿಗೆ ಸೆಣಬಿನ ಚಾಪೆ ಇರಲಿ. ಬಿಗಿ ಪ್ಯಾಂಟ್ ತೊಟ್ಟು ಬಂದವರಿಗೆ ಮಡಿಚಲಾಗದೆ ಫಜೀತಿ, ಇದನ್ನೂ ಮೊದಲೇ ಹೇಳಿರಬೇಕು. ಗುರುಗಳು ಮೇಲುಡುಪನ್ನು ತೆಗೆದಿಟ್ಟರೆ ಒಳ್ಳೆಯದು. ಅಗತ್ಯವಿದ್ದರೆ ಮಾತ್ರ ಎಂದು ಪೂಜಾವಿಧಿಯ ಪುಸ್ತಕದಲ್ಲಿದೆ ನಿಜ, ಆದರೆ ಜರಿಯ ಅಂಚು ಬೋಗುಣಿಗೆ ಬೀಳದಂತೆ ಹಿಡಿಯಲೆಂದೇ ಇಬ್ಬರು ಪೀಠಸೇವಕರು ಬೇಕಾದರೆ ಅಲ್ಲಿ ಸೇವೆ ಪಡೆಯುತ್ತಿರುವವರು ಯಾರು? ಒಬ್ಬರಿಗೆ ಒಂದು ನಿಮಿಷದಂತೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಅದನ್ನು ನಾಲ್ಕು ನಿಮಿಷಕ್ಕೆ ಮುಗಿಸಿದರೆ ಹೆಬ್ಬೆರಳಿಗೆ ನಾಲ್ಕು ಹನಿ ಬಿದ್ದಿರುತ್ತದೆ, ಅಷ್ಟೇ. ರೋಮನ್ ವಿಧಿಯಲ್ಲಿ ಈ ನೀರನ್ನು ಮಂತ್ರಿಸುವುದಿಲ್ಲ. ತೀರ್ಥವೆಂದು ಬಾಟಲಿ ತಂದು ಕೇಳುವವರಿಗೆ ಸಮಾಧಾನವಾಗಿ ಇದನ್ನು ತಿಳಿಸಿ, ಗಿಡದ ಬುಡಕ್ಕೆ ಹಾಕಿ.

ಮಂಡಿಯೂರಲು ಆಗದ ಗುರುಗಳೂ ಇರುತ್ತಾರೆ. 2024ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮ್‌ನ ರೆಬಿಬ್ಬಿಯಾ ಮಹಿಳಾ ಕಾರಾಗೃಹದಲ್ಲಿ ಹನ್ನೆರಡು ಮಂದಿ ಕೈದಿಗಳ ಪಾದ ತೊಳೆದದ್ದು ಗಾಲಿಕುರ್ಚಿಯಲ್ಲಿ ಕೂತೇ. ಅವರು ಬಗ್ಗಲಾರರೆಂದು ಹೆಂಗಸರ ಆಸನಗಳನ್ನು ಎತ್ತರದ ಕಟ್ಟೆಯ ಮೇಲೆ ಇರಿಸಿದ್ದರು. ಸೇವೆ ಮಾಡುವವನು ತಗ್ಗಲಾಗದಿದ್ದರೆ ಸೇವೆ ಪಡೆಯುವವರನ್ನು ಎತ್ತರಿಸಿದರಾಯಿತು ಎಂಬ ಬಡಗಿಯ ಲೆಕ್ಕ ನಮಗೆ ಬಹಳ ಹಿಡಿಸಿತು. 2013ರಲ್ಲಿ, ಪೋಪ್ ಆದ ಕೆಲವೇ ದಿನಗಳಲ್ಲಿ, ಅವರು ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಕೇಂದ್ರಕ್ಕೆ ಹೋಗಿದ್ದರು. ಅಂದಿನ ಹನ್ನೆರಡು ಜನರಲ್ಲಿ ಇಬ್ಬರು ಹುಡುಗಿಯರಿದ್ದರು. ಆಗಿನ್ನೂ ಸೂಚನೆ ಬದಲಾಗಿರಲಿಲ್ಲ. ಅಲ್ಲಿಯೂ ಕ್ಯಾಮೆರಾ ಇತ್ತಲ್ಲ ಎಂದರೆ, ಇತ್ತು. ಒಪ್ಪಿಕೊಳ್ಳಬೇಕು.

ಪ್ರದರ್ಶನ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇಂಗ್ಲೆಂಡಿನ ಅರಮನೆಯ ಹಳೆಯ ಪದ್ಧತಿ ನೋಡಿ. ಅಲ್ಲಿ ರಾಜ ರಾಣಿಯರು ಈ ಗುರುವಾರ ತಮಗೆಷ್ಟು ವಯಸ್ಸೋ ಅಷ್ಟು ಬಡವರ ಪಾದ ತೊಳೆಯುತ್ತಿದ್ದರು. ಮೊದಲನೇ ಎಲಿಜಬೆತ್ ಕಾಲದ ವಿವರಣೆ ಉಳಿದಿದೆ. ರಾಣಿ ಬರುವ ಮುಂಚೆ ಅರಮನೆಯ ಅಗಸರ ವಿಭಾಗದವರು ಒಮ್ಮೆ, ದಾನಾಧಿಕಾರಿಯ ಸಹಾಯಕರು ಒಮ್ಮೆ, ದಾನಾಧಿಕಾರಿ ಒಮ್ಮೆ ಆ ಪಾದಗಳನ್ನು ತೊಳೆದಿರುತ್ತಿದ್ದರು. ನಾಲ್ಕನೆಯ ಸರದಿ ರಾಣಿಯದು. ಮುಂದೆ ರಾಜರು ತೊಳೆಯುವುದನ್ನೇ ಬಿಟ್ಟರು, ನಾಣ್ಯ ಹಂಚುವುದು ಮಾತ್ರ ಉಳಿಯಿತು. ಈಗಲೂ ಆ ಸಮಾರಂಭದಲ್ಲಿ ಅಧಿಕಾರಿಗಳು ನಡುವಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಬೋಗುಣಿ ಹೋಗಿ ಎಷ್ಟೋ ಕಾಲವಾಯಿತು, ಟವಲ್ ಇನ್ನೂ ಇದೆ! ನಮ್ಮಲ್ಲೂ ಮನೆಯಲ್ಲಿ ಸೋಪು ಹಾಕಿ ತಿಕ್ಕಿ, ಪೌಡರ್ ಹಚ್ಚಿ ಬರುವವರನ್ನು ನೋಡಿ ನಗು ಬರಬಹುದು. ಅವರನ್ನು ಗದರುವುದು ಬೇಡ. ಅದು ಸಂಕೋಚ, ಗರ್ವವಲ್ಲ.

ಸಂಕೋಚ ಗರ್ವವಾಗುವುದು ಯೇಸುವಿನ ಶಿಷ್ಯ ಪೇತ್ರನಲ್ಲಿ. 'ನೀನು ನನ್ನ ಕಾಲನ್ನು ಎಂದಿಗೂ ತೊಳೆಯಕೂಡದು' ಎನ್ನುತ್ತಾನೆ. ಕೇಳಲು ದೀನವಾಗಿದೆ. ಒಳಗಿರುವುದು ಬೇರೆ, ನಾನು ಕೊಡುವವನು, ಪಡೆಯುವವನಲ್ಲ ಎಂಬ ಬಿಗುಮಾನ. ಜೀವನವಿಡೀ ಸಭೆಗೆ ದುಡಿದು, ಕಾಯಿಲೆ ಬಿದ್ದಾಗ ಊಟದ ಕ್ಯಾರಿಯರ್ ತಂದವರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಈ ಗಂಟನ್ನು ಬಿಡಿಸುವುದರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದವರ ಕ್ರಮ ಉಳಿದವರದಕ್ಕಿಂತ ಮೇಲು ಎಂದು ನಮ್ಮ ಅಭಿಪ್ರಾಯ. ಅವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಪ್ರಭುಭೋಜನಕ್ಕೆ ಮೊದಲು ಇದನ್ನು ಮಾಡುತ್ತಾರೆ, ಹೆಸರೇ 'ದೀನತೆಯ ವಿಧಿ'. ಜೋಡಿ ಜೋಡಿಯಾಗಿ, ಗಂಡಸರು ಒಂದೆಡೆ ಹೆಂಗಸರು ಒಂದೆಡೆ, ಒಬ್ಬರ ಪಾದವನ್ನು ಮತ್ತೊಬ್ಬರು ತೊಳೆಯುತ್ತಾರೆ. ಕೂತವರೇ ಆಮೇಲೆ ಬಗ್ಗಬೇಕು, ಬಗ್ಗಿದವರೇ ಕೂರಬೇಕು. ನೋಡಲು ಪ್ರೇಕ್ಷಕರೇ ಇರುವುದಿಲ್ಲ. ಮುನಿಸಿಕೊಂಡ ಇಬ್ಬರು ಜೋಡಿಯಾಗಲು ಅಲ್ಲಿ ಅವಕಾಶವಿದೆ, ಹನ್ನೆರಡು ಕುರ್ಚಿಗಳ ಏರ್ಪಾಡಿನಲ್ಲಿ ಇಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸಲೇಬೇಕು. ದೀನತೆಯ ಉಪದೇಶ ನಮ್ಮಲ್ಲಿ ಹೆಚ್ಚಾಗಿ ಬೀಳುವುದು ಈಗಾಗಲೇ ಕೆಳಗೆ ಕೂತವರ ತಲೆಯ ಮೇಲೆ. ಸೊಸೆಗೆ, ಮನೆಗೆಲಸದ ಹುಡುಗಿಗೆ, ಸ್ಮಶಾನದಲ್ಲಿ ಸಮಪಾಲು ಕೇಳಿದ ದಲಿತ ಕ್ರೈಸ್ತನಿಗೆ 'ತಗ್ಗಿಸಿಕೊಂಡು ಹೋಗಿ' ಎನ್ನುತ್ತೇವೆ. ದಲಿತ ಕ್ರೈಸ್ತರು ಸಭೆಯೊಳಗೇ ತಾರತಮ್ಯ ಅನುಭವಿಸುತ್ತಿದ್ದಾರೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ತನ್ನ ನೀತಿಪತ್ರದಲ್ಲೇ ಒಪ್ಪಿಕೊಂಡಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಕ್ರಿಸ್ತನು 'ತನ್ನನ್ನು ತಾನೇ' ತಗ್ಗಿಸಿಕೊಂಡನು ಎಂದಿದೆ. ಇಳಿಯಲು ಮೊದಲು ಒಂದು ಮೇಲಿನ ಸ್ಥಾನ ಇರಬೇಕು, ಇಳಿಯುವ ತೀರ್ಮಾನವೂ ಅವನದೇ ಆಗಿರಬೇಕು. ಬೇರೆಯವರನ್ನು ತಗ್ಗಿಸುವುದಕ್ಕೆ ಕನ್ನಡದಲ್ಲಿ ಬೇರೆ ಪದಗಳಿವೆ, ಅವು ಯಾವುವೂ ಸದ್ಗುಣದ ಹೆಸರುಗಳಲ್ಲ.

ಉಳಿದ 364 ದಿನ ಗರ್ವವನ್ನು ಗುರುತಿಸುವುದು ಹೇಗೆ? 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿ ಇದಕ್ಕೆ ಇಂದಿಗೂ ಒಳ್ಳೆಯ ಕೈಪಿಡಿ. 7ನೇ ಅಧ್ಯಾಯದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲು ಹೇಳುತ್ತಾನೆ, ಎಲ್ಲರೂ ಉದಾಹರಿಸುವುದು ಅದನ್ನೇ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಓದದ 57ನೇ ಅಧ್ಯಾಯ. ಮಠದಲ್ಲಿ ಕುಶಲಕರ್ಮಿಯೊಬ್ಬ ತನ್ನ ಕಸುಬಿನಿಂದ ಮಠಕ್ಕೆ ಲಾಭವಾಗುತ್ತಿದೆ ಎಂದು ಬೀಗತೊಡಗಿದರೆ ಅವನನ್ನು ಆ ಕೆಲಸದಿಂದ ತೆಗೆಯಬೇಕು, ದೀನನಾದ ಮೇಲೆ, ಮಠಾಧಿಪತಿ ಮತ್ತೆ ಹೇಳಿದರೆ ಮಾತ್ರ ಮರಳಬೇಕು. ಕೆಲಸ ಕೆಟ್ಟಿದೆಯೆಂದಲ್ಲ, ಚೆನ್ನಾಗಿ ಆಗುತ್ತಿರುವಾಗಲೇ! ಗಾಯನವೃಂದದ ಮುಖ್ಯಸ್ಥರಿಗೋ, ಇಪ್ಪತ್ತು ವರ್ಷದಿಂದ ಖಜಾಂಚಿಯಾಗಿರುವವರಿಗೋ ಒಂದು ವರ್ಷ ಬಿಡುವು ಕೊಟ್ಟು ನೋಡಿ. ಅವರು ಹಿಂದಿನ ಬೆಂಚಿನಲ್ಲಿ ಕೂತು ಹಾಡುತ್ತಾರೋ, ಇಲ್ಲ ಪಕ್ಕದ ಊರಿನ ಚರ್ಚಿಗೆ ಹೋಗತೊಡಗುತ್ತಾರೋ ತಿಳಿಯುತ್ತದೆ. ವಂದನಾರ್ಪಣೆಯಲ್ಲಿ ಹೆಸರು ಬಿಟ್ಟುಹೋದಾಗ, ವಾಚನದಲ್ಲಿ ಮಾಡಿದ ತಪ್ಪನ್ನು ಕಿರಿಯರು ತಿದ್ದಿದಾಗ ಮೊದಲ ಹತ್ತು ಸೆಕೆಂಡು ಮುಖ ಹೇಗಾಗುತ್ತದೆ ಎಂಬುದೂ ಅಷ್ಟೇ ಒಳ್ಳೆಯ ಪರೀಕ್ಷೆ. ತನ್ನ ನಂಬಿಕೆಯ ಬಗ್ಗೆ ಜನರ ಮುಂದೆ ಸಾಕ್ಷಿ ಹೇಳಲು ನಿಂತು 'ನಾನೇನೂ ಅಲ್ಲ, ಎಲ್ಲ ದೇವರದು' ಎಂದು ಶುರುಮಾಡಿ ಅರ್ಧ ಗಂಟೆ ತನ್ನ ಬಗ್ಗೆಯೇ ಮಾತನಾಡುವುದು ಯಾವ ಪರೀಕ್ಷೆಯೂ ಅಲ್ಲ. ಹೊಗಳಿಕೆಯ ಆಸೆ ಈರುಳ್ಳಿಯಂತೆ, ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು ಎಂದು ಹಿರಿಯ ಸನ್ಯಾಸಿಗಳು ಹೇಳುತ್ತಿದ್ದುದನ್ನು 5ನೇ ಶತಮಾನದಲ್ಲೇ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಈ ಪತ್ರ ಅಚ್ಚಾಗಲಿ ಎಂಬ ನಮ್ಮ ಆಸೆಯೂ ಆ ಸಿಪ್ಪೆಗಳಲ್ಲಿ ಒಂದಿರಬಹುದು.

ಪತ್ರಿಕೆಯವರಲ್ಲಿ ನಮ್ಮ ಕೋರಿಕೆ ಇಷ್ಟು. ಫೋಟೊ ಹಾಕಲೇಬೇಡಿ ಎನ್ನುವುದಿಲ್ಲ. ತೆಗೆಯುವುದಾದರೆ ಹಿಂದಿನ ಸಾಲಿನಿಂದ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಬೋಗುಣಿಗೂ ಜನರಿಗೂ ನಡುವೆ ನಿಲ್ಲಬೇಡಿ. ಪಾದ ತೊಳೆಸಿಕೊಂಡವರ ಮುಖ ಬರುವಂತಿದ್ದರೆ ಅವರನ್ನು ಕೇಳಿ. 'ದೀನತೆ ಪ್ರದರ್ಶಿಸಿದರು' ಎಂಬುದನ್ನು ಬಿಟ್ಟು 'ಪಾದ ತೊಳೆದರು' ಎಂದಷ್ಟೇ ಬರೆಯಿರಿ, ಜಾಗವೂ ಉಳಿಯುತ್ತದೆ.

ಧರ್ಮಗುರುಗಳಿಗೆ, ಸಭಾಪಾಲಕರಿಗೆ ಹೇಳುವುದು ಟವಲ್‌ಗಳ ವಿಷಯ. ಬೆನೆಡಿಕ್ಟ್‌ನ 35ನೇ ಅಧ್ಯಾಯದಲ್ಲಿ ಒಂದು ಕಟ್ಟಳೆಯಿದೆ. ಅಡುಗೆಮನೆಯ ವಾರದ ಸರದಿ ಮುಗಿಸುವವನು ಶನಿವಾರ ಸಹೋದರರು ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನೆಲ್ಲ ಒಗೆಯಬೇಕು, ಮುಂದಿನ ವಾರದವನ ಜೊತೆ ಸೇರಿ ಎಲ್ಲರ ಪಾದ ತೊಳೆಯಬೇಕು, ಪಾತ್ರೆಗಳನ್ನು ಶುಚಿಯಾಗಿ, ಒಡಕಿಲ್ಲದಂತೆ ಹಿಂದಿರುಗಿಸಬೇಕು. ಪಾದ ತೊಳೆಯುವುದೂ ಬಟ್ಟೆ ಒಗೆಯುವುದೂ ಅಲ್ಲಿ ಒಬ್ಬನದೇ ಕೆಲಸ. ನಮ್ಮಲ್ಲಿ ಗುರುವಾರ ರಾತ್ರಿ ಆರಾಧನೆ ಮುಗಿದು ದೀಪ ಆರಿದ ಮೇಲೆ ಹನ್ನೆರಡು ಒದ್ದೆ ಟವಲ್‌ಗಳು ಪೂಜಾ ಸಾಮಗ್ರಿ ಇಡುವ ಕೋಣೆಯಾದ ಸ್ಯಾಕ್ರಿಸ್ಟಿಯ ಮೂಲೆಯ ಬಕೆಟ್ಟಿನಲ್ಲಿ ಬಿದ್ದಿರುತ್ತವೆ. ಶುಭ ಶುಕ್ರವಾರದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ಶನಿವಾರದ ಹೊತ್ತಿಗೆ ಮುಗ್ಗಲು ವಾಸನೆ ಹಿಡಿದು, ಕೊನೆಗೆ ಅಂಗಳ ಗುಡಿಸುವ ಹೆಂಗಸಿನ ಪಾಲಿಗೆ ಬರುತ್ತವೆ. ಒಗೆಯಲು ಅರ್ಧ ಗಂಟೆ ಸಾಕು. ಒಂದು ಬಕೆಟ್ ಬಿಸಿನೀರು, ಎರಡು ಚಮಚ ಸೋಪಿನ ಪುಡಿ, ಮೂರು ನೀರಿನಲ್ಲಿ ಜಾಲಾಡಿ ಅಂದು ರಾತ್ರಿಯೇ ಹರವಿಬಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತವೆ. ಪಾದ ತೊಳೆದವರೇ ಒಗೆಯಲಿ.

ಇಂತಿ,
ಪವಿತ್ರ ವಾರದ ಸಿದ್ಧತೆ ಮಾಡುವ ಇಬ್ಬರು ಸ್ವಯಂಸೇವಕರು
ಮೈಸೂರು